ಜೋಳದ ಮೂಲೆಯ ನಲವತ್ತೆರಡು ಕಾಳು

ಅಕ್ಟೋಬರ್ ಐದು, ಶನಿವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ನನ್ನ ಮೊದಲ ನೋಟ್‌ಬುಕ್ಕಿನ ಮೊದಲ ಸಾಲು ಇದು. ಆಗ ನನಗೆ ಹತ್ತು ವರ್ಷ, ಐದನೆಯ ತರಗತಿ. ಈಗ ಇಪ್ಪತ್ತೆರಡು, ನೋಟ್‌ಬುಕ್ಕುಗಳು ಹತ್ತೊಂಬತ್ತಾಗಿವೆ. ಮಳೆ ಬಂದ ದಿನಗಳು, ಬೈಲಹೊಂಗಲದ ಬಸ್ಸು ತಡವಾದ ನಿಮಿಷಗಳು, ನಮ್ಮ ಮನೆಗೆ ಬಂದ ನೆಂಟರ ಸಂಖ್ಯೆ, ಆಯಿ ಬಳಸುವ ಬೈಗುಳಗಳ ಪಟ್ಟಿ, ಎಲ್ಲವೂ ಅವುಗಳಲ್ಲಿವೆ. ಹೀಗೆ ಎಲ್ಲವನ್ನೂ ಎಣಿಸಿ ಬರೆದಿಡುವ ಚಟ ಎಲ್ಲಿಂದ ಬಂತು ಎಂದು ಕೇಳಿದವರಿಗೆ ನಾನು ಆ ಮೊದಲ ನೋಟ್‌ಬುಕ್ಕನ್ನೇ ತೋರಿಸುತ್ತೇನೆ. ಅದರಲ್ಲಿ ಒಂದು ದಸರಾ ರಜೆ ಇದೆ. ಆ ರಜೆಯಲ್ಲಿ ನಾನು ಮಾಡಿದ ಒಂದು ತಪ್ಪು ಇದೆ. ಅದನ್ನು ನಾನೇ ದಿನಾಂಕ, ಗಂಟೆ ಸಮೇತ ಬರೆದಿಟ್ಟಿದ್ದೇನೆ.

ಸಂಗೊಳ್ಳಿಯಲ್ಲಿ ನಮ್ಮ ಮನೆಗೆ ಬೀದಿಯಿಂದ ಹಿತ್ತಿಲಿನವರೆಗೆ ಒಂದರ ಹಿಂದೊಂದು ನಾಲ್ಕು ಬಾಗಿಲು. ಮೊದಲನೆಯದು ದನಗಳ ಜಾಗ, ಎರಡನೆಯದು ಪಡಸಾಲೆ, ಮೂರನೆಯದು ಅಡುಗೆಮನೆ, ನಾಲ್ಕನೆಯದು ಹಿತ್ತಿಲು. ಅಡುಗೆಮನೆಯ ಪಕ್ಕಕ್ಕೆ, ತಲೆ ಬಗ್ಗಿಸದೆ ಒಳಗೆ ಹೋಗಲಾಗದಂಥ ಒಂದು ಗಿಡ್ಡ ಬಾಗಿಲಿತ್ತು. ಅದು ದೇವರ ಕೋಣೆ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತೇವೆ. ಆ ಕೋಣೆ ಆಯಿಯ ರಾಜ್ಯ. ನವರಾತ್ರಿಯ ಮೊದಲ ದಿನ ಅಲ್ಲಿ ಘಟ ಕೂಡ್ರಿಸುತ್ತಿದ್ದಳು. ಹೊಲದಿಂದ ತಂದ ಕರಿ ಮಣ್ಣನ್ನು ಅಗಲವಾದ ಬಿದಿರು ಬುಟ್ಟಿಯಲ್ಲಿ ಹರಡಿ, ನಡುವೆ ನೀರು ತುಂಬಿದ ಮಣ್ಣಿನ ಕೊಡ ಇಟ್ಟು, ಸುತ್ತಲಿನ ಮಣ್ಣಿನಲ್ಲಿ ಕಾಳು ಬಿತ್ತುವುದು. ಪಕ್ಕದಲ್ಲಿ ಒಂದು ದೀಪ ಒಂಬತ್ತು ದಿನ ಆರದಂತೆ ಉರಿಯಬೇಕು. ಬೇರೆಯವರ ಮನೆಗಳಲ್ಲಿ ಎಲ್ಲ ಕಾಳುಗಳನ್ನು ಬೆರೆಸಿ ಚೆಲ್ಲುತ್ತಾರೆ. ನಮ್ಮ ಆಯಿ ಬೆರೆಸುತ್ತಿರಲಿಲ್ಲ. ಜೋಳ, ಕಡಲೆ, ಗೋಧಿ, ಕುಸುಬೆಗೆ ಒಂದೊಂದು ಮೂಲೆ. ಯಾವ ಮೂಲೆ ಚೆನ್ನಾಗಿ ಏಳುತ್ತದೋ ಆ ವರ್ಷದ ಹಿಂಗಾರಿಗೆ ಹೊಲದಲ್ಲಿ ಆ ಕಾಳು. ಒಂಬತ್ತು ದಿನ ಮುಗಿಯುವವರೆಗೆ ನೀರು ಚಿಮುಕಿಸುವುದನ್ನು ಬಿಟ್ಟು ಘಟವನ್ನು ಯಾರೂ ಮುಟ್ಟುವಂತಿರಲಿಲ್ಲ.

ಆ ವರ್ಷ ಘಟಕ್ಕೆ ದೊಡ್ಡ ಕೆಲಸವೇ ಬಿದ್ದಿತ್ತು. ಹೊಳೆದಂಡೆಯ ನಮ್ಮ ಹೊಲದಲ್ಲಿ ಹೆಸರುಕಾಳಿನ ಬೆಳೆ ತೆಗೆದು ಭೂಮಿ ಹದ ಮಾಡಿಟ್ಟಿದ್ದರು. ಮುಂದೆ ಏನು ಬಿತ್ತುವುದು ಎಂಬುದರ ಮೇಲೆ ಅಪ್ಪನಿಗೂ ಆಯಿಗೂ ರೊಟ್ಟಿ ತಿನ್ನುವ ಹೊತ್ತಿಗೆ ದಿನವೂ ಜಗಳ.

"ಕಡ್ಲಿ ಹಾಕೋಣಬೇ. ನೀರ ಕಡಿಮಿ ಬೇಡತೈತಿ, ಕೆಲಸಾನೂ ಕಡಿಮಿ," ಎನ್ನುತ್ತಿದ್ದ ಅಪ್ಪ.

"ಎಮ್ಮಿ ಮುಂದ ಹೋಗಿ ಹೇಳು, ಈ ವರ್ಷ ತಿನ್ನಾಕ ಜ್ವಾಳದ ಕಣಕಿ ಇಲ್ಲ, ಕೆಲಸ ಕಡಿಮಿ ಮಾಡೇವಿ ಅಂತ."

"ಅಷ್ಟ ಜ್ವಾಳ ಬೇಕಂದ್ರ ಅಂಗಡ್ಯಾಗಿನ ಬೀಜ ತರತೇನಿ."

"ಅದರ ರೊಟ್ಟಿ ನೋಡೇನಿ ನಾ. ಮಡಚಿದ್ರ ಹಪ್ಪಳದಂಗ ಮುರಿತೈತಿ."

ಆಯಿಯ ಜೋಳ ಅಂಗಡಿಯದಲ್ಲ. ಮದುವೆಯಾಗಿ ಬರುವಾಗ ತವರೂರಾದ ಚಚಡಿಯಿಂದ ಉಡಿಯಲ್ಲಿ ಕಟ್ಟಿಕೊಂಡು ಬಂದದ್ದು. ಪ್ರತಿ ಸುಗ್ಗಿಯಲ್ಲೂ ದಪ್ಪ ತೆನೆಗಳನ್ನು ತಾನೇ ಆರಿಸಿ, ಕಾಳು ಬಿಡಿಸಿ, ಬೂದಿ ಬೆರೆಸಿ ಒಂದು ಗಡಿಗೆಯಲ್ಲಿ ತುಂಬಿ ಬಾಯಿಗೆ ಸೆಗಣಿ ಮೆತ್ತಿಡುತ್ತಿದ್ದಳು. ಹಿಂದಿನ ವರ್ಷ ಅಪ್ಪ ಗೋಧಿ ಹಾಕಿದ್ದರಿಂದ ಗಡಿಗೆಯಲ್ಲಿದ್ದದ್ದು ಎರಡು ವರ್ಷದ ಹಳೆಯ ಬೀಜ. ಈ ವರ್ಷವೂ ಬಿತ್ತದಿದ್ದರೆ ಅದು ಹಿಟ್ಟಿಗಲ್ಲದೆ ಇನ್ನೇನಕ್ಕೂ ಬರುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬೇರೆ ಯಾರ ಹತ್ತಿರವೂ ಆ ಬೀಜ ಉಳಿದಿರಲಿಲ್ಲ. ಕೊನೆಗೆ ಇಬ್ಬರೂ ಘಟ ಹೇಳಿದಂತೆ ಆಗಲಿ ಎಂದು ಒಪ್ಪಿಕೊಂಡರು.

"ದೇವರ ತಲಿಮ್ಯಾಲೆ ಹಾಕಿ ಇಬ್ಬರೂ ಆರಾಮ ಆದ್ರಿ," ಎಂದು ಅವ್ವ ಇಬ್ಬರ ತಾಟಿಗೂ ಮತ್ತೊಂದು ರೊಟ್ಟಿ ಹಾಕಿದಳು.

ರಜೆಗೆಂದು ರಾಮದುರ್ಗದಿಂದ ಅತ್ತೆಯ ಮಗಳು ರೂಪಾ ಬಂದಿದ್ದಳು. ನನಗಿಂತ ಎರಡು ವರ್ಷ ದೊಡ್ಡವಳು, ಎಲ್ಲದಕ್ಕೂ "ನಮ್ಮ ರಾಮದುರ್ಗದಾಗ" ಎಂದು ಶುರು ಮಾಡುವವಳು. ಅವಳು ಬಂದರೆ ಮನೆಯಲ್ಲಿ ಆಟಗಳು ಹೆಚ್ಚಾಗುತ್ತಿದ್ದವು. ಸಂಜೆ ಪಡಸಾಲೆಯಲ್ಲಿ ನಾವು ಆಡುತ್ತಿದ್ದ ಒಂದು ಆಟಕ್ಕೆ ಹೆಸರಿರಲಿಲ್ಲ. ಒಬ್ಬರು ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕಡಲೆ ತೆಗೆಯಬೇಕು, ಉಳಿದವರು ಎಷ್ಟು ಕಾಳೆಂದು ಹೇಳಬೇಕು, ಆಮೇಲೆ ಎಣಿಸಬೇಕು. ಹತ್ತು ಆಟಗಳಲ್ಲಿ ಅವ್ವ ಆರು ಗೆದ್ದಳು, ರೂಪಾ ಎರಡು, ನಾನು ಎರಡು, ಅಪ್ಪ ಒಂದೂ ಇಲ್ಲ. ಅಪ್ಪ ಪ್ರತಿ ಸಲವೂ "ಐವತ್ತು" ಎನ್ನುತ್ತಿದ್ದ, ಎಂದಾದರೂ ಬಂದೇ ಬರುತ್ತದೆ ಎಂದು. ಬೆಳಿಗ್ಗೆ ಹೊಲಕ್ಕೆ ಹೋದರೆ ಪಕ್ಕದ ತುಂಡಿನಲ್ಲಿದ್ದ ನಮ್ಮ ಹತ್ತಿಯ ಸಾಲುಗಳನ್ನು ಹೆಜ್ಜೆಯಲ್ಲಿ ಅಳೆಯುವುದು, ಹೊಳೆಯ ಮರಳಿನಲ್ಲಿ ಹಕ್ಕಿಗಳ ಕಾಲಿನ ಗುರುತು ನೋಡಿ ಯಾವ ಹಕ್ಕಿ ಎಂದು ಹೇಳುವುದು, ಉದುರಿದ ಎಲೆಗಳನ್ನು ನೋಟ್‌ಬುಕ್ಕಿನ ನಡುವೆ ಒಣಗಿಸುವುದು. ಆ ಹದಿನಾರು ಎಲೆಗಳಲ್ಲಿ ಹನ್ನೊಂದು ಇನ್ನೂ ಇವೆ.

ಶಾಲೆಯಿಂದ ರಜೆಯ ಅಭ್ಯಾಸವೆಂದು ಒಂದು ಕೆಲಸ ಕೊಟ್ಟಿದ್ದರು. ಒಂದು ಬೀಜ ಬಿತ್ತಿ, ಅದರ ಬೇರು ಮತ್ತು ಕಾಂಡವನ್ನು ದಿನವೂ ಅಳೆದು ಕೋಷ್ಟಕ ಬರೆಯಬೇಕು. ನಾನು ಹಿತ್ತಿಲಲ್ಲಿ ಒಂದು ಡಬ್ಬಿಗೆ ಮಣ್ಣು ತುಂಬಿ ಹೆಸರುಕಾಳು ಬಿತ್ತಿದೆ. ಮರುದಿನವೇ ಪಕ್ಕದ ಮನೆಯ ಕೋಳಿ ಅದನ್ನು ಕೆದರಿ ಕಾಳು ತಿಂದು ಹೋಯಿತು. ಇನ್ನೊಂದು ಬಿತ್ತಿದರೆ ಎರಡು ದಿನ ತಡ, ಕೋಷ್ಟಕದಲ್ಲಿ ಎರಡು ಮನೆ ಖಾಲಿ. ಅದನ್ನು ಸಹಿಸುವುದು ನನ್ನಿಂದಾಗುತ್ತಿರಲಿಲ್ಲ. ಆಗ ಸರಿಯಾದ ದಿನ, ಸರಿಯಾದ ಹೊತ್ತಿಗೆ ಬಿತ್ತಿದ ಬೀಜಗಳು ಮನೆಯೊಳಗೇ ಇವೆ ಎಂಬುದು ನೆನಪಾಯಿತು. ಆಯಿ ಘಟ ಕೂಡ್ರಿಸಿದ್ದನ್ನು ನಾನು ಮೊದಲ ಪುಟದಲ್ಲೇ ಬರೆದಿದ್ದೆನಲ್ಲ, ಏಳು ಗಂಟೆ ಇಪ್ಪತ್ತು ನಿಮಿಷ ಎಂದು.

ನಾಲ್ಕು ಮೂಲೆಗಳಲ್ಲಿ ಜೋಳದ್ದು ಬಾಗಿಲ ಕಡೆಗಿತ್ತು. ಹೊಸ್ತಿಲ ಹೊರಗೇ ಮೊಣಕಾಲೂರಿ ಕೈ ಚಾಚಿದರೆ ಸಿಗುತ್ತಿತ್ತು. ಜೋಳವನ್ನು ಆರಿಸಿಕೊಳ್ಳಲು ಬೇರೆ ಯಾವ ಕಾರಣವೂ ಇರಲಿಲ್ಲ. ಕಾಂಡ ಕಾಣುತ್ತದೆ, ಸ್ಕೇಲು ಹಿಡಿದರೆ ಸಾಕು. ಬೇರು ಕಾಣಬೇಕಾದರೆ ಕಾಳನ್ನು ಮೇಲೆತ್ತಬೇಕು. ಎತ್ತಿ, ಅಳೆದು, ಮತ್ತೆ ಮಣ್ಣಿನೊಳಗಿಟ್ಟು ಬೆರಳಿನಿಂದ ಒತ್ತಿಬಿಟ್ಟರೆ ಮೊದಲಿದ್ದಂತೆಯೇ ಆಗುತ್ತದೆ ಎಂದು ನಾನು ನಂಬಿದ್ದೆ. ಮಲಗಿದವರನ್ನು ಎಬ್ಬಿಸಿ ಮತ್ತೆ ಮಲಗಿಸಿದಂತೆ. ರೂಪಾಳಿಗೆ ಹೇಳಿದೆ. ತಡೆಯುತ್ತಾಳೆ ಎಂದುಕೊಂಡಿದ್ದೆ.

"ಒಂದ ಕಾಳ ಅಳದ್ರ ಏನ ಗೊತ್ತಾಗತೈತಿ?" ಎಂದಳು. "ಮೂರ ಅಳಿ, ಸರಾಸರಿ ತಗಿ. ನಮ್ಮ ರಾಮದುರ್ಗದಾಗ ಹಂಗ."

"ಆಯಿ ಬಂದ್ರ?"

"ನಾ ಬಾಗಲಾಗ ನಿಂತ ಕೆಮ್ಮತೇನಿ."

ಮೂರನೆಯ ದಿನದಿಂದ ಒಂಬತ್ತನೆಯ ದಿನದವರೆಗೆ, ಬೆಳಿಗ್ಗೆ ಆಯಿ ಹೂ ಕೀಳಲು ಹಿತ್ತಿಲಿಗೆ ಹೋದಾಗ ಒಮ್ಮೆ, ಸಂಜೆ ಅವಳು ಕಟ್ಟೆಗೆ ಹೋದಾಗ ಒಮ್ಮೆ, ಪ್ರತಿ ಸಲ ಮೂರು ಕಾಳು. ಏಳು ದಿನ, ಹದಿನಾಲ್ಕು ಸಲ, ನಲವತ್ತೆರಡು ಕಾಳು. ಆ ಮೂಲೆಯಲ್ಲಿದ್ದ ಕಾಳುಗಳೇ ಹೆಚ್ಚೆಂದರೆ ಐವತ್ತು; ಒಂದೇ ಕಾಳು ಎರಡು ಸಲ ಕೈಗೆ ಬಂದಿರಲೂಬಹುದು. ಆಗ ಗುರುತು ಹಾಕಿಕೊಳ್ಳುವುದು ತಿಳಿದಿರಲಿಲ್ಲ. ಮೊದಲ ದಿನಗಳ ಕೋಷ್ಟಕ ಬಹಳ ಚೆನ್ನಾಗಿ ಬಂತು. ಮೂರನೆಯ ದಿನ ಬೇರಿನ ಸರಾಸರಿ ಒಂದೂವರೆ ಸೆಂಟಿಮೀಟರ್, ನಾಲ್ಕನೆಯ ದಿನ ಮೂರು, ಐದನೆಯ ದಿನ ನಾಲ್ಕೂವರೆ. ಏಳನೆಯ ದಿನಕ್ಕೆ ಒಂದು ವಿಚಿತ್ರ ಸಾಲಿದೆ. "ಬೇರು ಎರಡು ಸೆಂಟಿಮೀಟರ್. ನಿನ್ನೆಗಿಂತ ಚಿಕ್ಕದಾಗಿದೆ. ಕಾರಣ ಗೊತ್ತಿಲ್ಲ."

ಕಾರಣ ಆಯಿಗೂ ಗೊತ್ತಿರಲಿಲ್ಲ. ಕಡಲೆಯ ಮೂಲೆ ದಟ್ಟವಾಗಿ ಎದ್ದಿತ್ತು. ಗೋಧಿ ಕೂದಲಿನಂತೆ ನೆಟ್ಟಗೆ ನಿಂತಿತ್ತು. ಜೋಳ ಮಾತ್ರ ಹಳದಿಯಾಗಿ ಒಂದು ಕಡೆ ವಾಲುತ್ತಿತ್ತು. ಆಯಿ ಆ ಮೂಲೆಗೆ ಒಂದು ಚಮಚ ನೀರು ಹೆಚ್ಚು ಹಾಕಿದಳು; ದೀಪದ ಬಿಸಿ ತಾಗುತ್ತದೆಯೇನೋ ಎಂದು ದೀಪವನ್ನು ಒಂದು ಗೇಣು ಆಚೆ ಸರಿಸಿದಳು. ಊಟಕ್ಕೆ ಕುಳಿತಾಗ ಅಪ್ಪ ಚೇಷ್ಟೆ ಮಾಡಿದ.

"ಏನಬೇ, ನಿಮ್ಮ ತವರಮನಿ ಜ್ವಾಳ ಎದ್ದ ಬರಾಕ ವಲ್ಲೆ ಅಂತೈತಂತ?"

ಬೇರೆ ದಿನವಾಗಿದ್ದರೆ ಅವನ ಏಳು ತಲೆಮಾರಿನ ಸುದ್ದಿ ಹೊರಗೆ ಬರುತ್ತಿತ್ತು. ಆ ದಿನ ಆಯಿ ರೊಟ್ಟಿ ಮುರಿದುಕೊಂಡು ಸುಮ್ಮನೆ ತಿಂದಳು. ಬೈಗುಳಗಳ ಕಾಲಂನಲ್ಲಿ ಅಂದು ಸೊನ್ನೆ ಬರೆದಿದ್ದೇನೆ. ಎಂಟನೆಯ ದಿನವೂ ಸೊನ್ನೆ. ಒಂಬತ್ತನೆಯ ದಿನ ಅವಳು ಅವ್ವನಿಗೆ ಹೇಳುತ್ತಿದ್ದುದು ಅಡುಗೆಮನೆಯಿಂದ ಕೇಳಿಸಿತು.

"ಬೀಜದಾಗ ಏನೂ ದೋಷ ಇಲ್ಲವ್ವ. ನನ್ನ ಕೈಗುಣ ಹೋತು ಕಾಣತೈತಿ."

ಹತ್ತನೆಯ ದಿನ, ಸೋಮವಾರ, ದಶಮಿ. ಆಯಿ ಘಟ ಎತ್ತಿದಳು. ಸಸಿಗಳನ್ನು ಕಿತ್ತು ಗಂಡಸರ ಟೊಪ್ಪಿಗೆಗೆ, ಹೆಂಗಸರ ಮುಡಿಗೆ ಸಿಕ್ಕಿಸುವುದು ನಮ್ಮ ಪದ್ಧತಿ. ಕಡಲೆ, ಗೋಧಿ, ಕುಸುಬೆಗಳು ಮಣ್ಣನ್ನು ಹಿಡಿದುಕೊಂಡು ಕಷ್ಟಪಟ್ಟು ಬಂದವು. ಜೋಳವನ್ನು ಆಯಿ ಮುಟ್ಟಿದ್ದೇ ತಡ, ಒಂದು ಹಿಡಿ ಹುಲ್ಲು ಎತ್ತಿಕೊಂಡಂತೆ ಹಾಗೆಯೇ ಕೈಗೆ ಬಂತು. ಬೇರುಗಳೇ ಇರಲಿಲ್ಲ. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಅಪ್ಪ ಆಗ ಚೇಷ್ಟೆ ಮಾಡಲಿಲ್ಲ. ಅವನು ಮೆತ್ತಗೆ ಮಾತನಾಡಿದ್ದೇ ನನಗೆ ಹೆದರಿಕೆ ಹುಟ್ಟಿಸಿತು.

"ಬಿಡಬೇ. ಈ ವರ್ಷ ಕಡ್ಲಿ ಹಾಕೋಣ. ಗಡಿಗ್ಯಾಗಿನ ಜ್ವಾಳ ಹಬ್ಬದ ರೊಟ್ಟಿಗೆ ಬೀಸಿದ್ರಾತು."

ಆಯಿ ಗಡಿಗೆ ತಂದು ಪಡಸಾಲೆಯಲ್ಲಿ ಕುಳಿತಳು. ಬಾಯಿಯ ಸೆಗಣಿ ಒಡೆದಳು. ಮೊರಕ್ಕೆ ಜೋಳ ಸುರಿದು ಬೂದಿ ಹಾರುವಂತೆ ಕೇರತೊಡಗಿದಳು. ಬೂದಿ ಹೋದ ಮೇಲೆ ತೊಳೆಯುವುದು, ಒಣಗಿಸುವುದು, ಗಿರಣಿಗೆ ಕೊಡುವುದು. ಒಮ್ಮೆ ನೀರು ಬಿದ್ದರೆ ಅದು ಬೀಜವಲ್ಲ. ನಾನು ಕಂಬದ ಹತ್ತಿರ ನಿಂತು ಅವಳು ಕೇರುವುದನ್ನು ಎಣಿಸುತ್ತಿದ್ದೆ. ಎಂಟನೆಯ ಸಲ ಮೊರ ಮೇಲೆದ್ದಾಗ ಏಳನೆಯ ದಿನದ ಸಾಲಿನ ಕಾರಣ ನನಗೆ ಹೊಳೆಯಿತು: ನಾನು ಎತ್ತಿದಾಗಲೆಲ್ಲ ಬೇರು ಹರಿಯುತ್ತಿತ್ತು. ಹೊಳೆದ ಮೇಲೆ ನಿಲ್ಲಲಾಗಲಿಲ್ಲ. ನೋಟ್‌ಬುಕ್ಕು ತಂದು ಮೊರದ ಮುಂದೆ ಹಿಡಿದೆ.

"ಆಯಿ, ಕೇರಬ್ಯಾಡ. ನಿನ್ನ ಬೀಜ ಛಲೋ ಅದಾವು. ನಾನ ಕಿತ್ತೇನಿ."

"ಏನ ಕಿತ್ತಿ?"

"ಜ್ವಾಳ. ಘಟದಾಗಿಂದು. ನಲವತ್ತೆರಡ ಕಾಳು."

ಮೊರ ನಿಂತಿತು. ಅವ್ವ ಅಡುಗೆಮನೆಯಿಂದ ಬಂದಳು. ಬಾಗಿಲ ಮರೆಯಿಂದ ರೂಪಾ ತಾನೇ ಹೊರಗೆ ಬಂದು, "ಕೆಮ್ಮಿದ್ದು ನಾನ," ಎಂದಳು. ಯಾರೂ ಅವಳನ್ನು ಕೇಳಿರಲಿಲ್ಲ.

"ಘಟಕ್ಕ ಕೈ ಹಚ್ಚಿದೇನ, ಹುಚ್ಚಬಡ್ಡಿ?" ಆಯಿಯ ದನಿ ಏರಿತು. "ಒಂಬತ್ತ ದಿನ ನಾ ಉಸಿರ ಬಿಗಿ ಹಿಡದು ನೀರ ಹಾಕೀನಿ, ನೀ ಕಿತ್ತಿ ಕಿತ್ತಿ ನೋಡಿದಿ?"

"ಅಳದೇನಿ. ಸಾಲಿ ಅಭ್ಯಾಸ." ನನಗೆ ಅಳು ಬಂದಿತ್ತು. "ಅಳದ ಮತ್ತ ಅಲ್ಲೇ ಇಟ್ಟೇನಿ."

ಹೊಡೆಯುತ್ತಾಳೆ ಎಂದುಕೊಂಡೆ. ಆಯಿ ಮೊರವನ್ನು ಕೆಳಗಿಟ್ಟಳು. ನನ್ನ ನೋಟ್‌ಬುಕ್ಕನ್ನೇ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ. ಆಮೇಲೆ ಬೇರೆಯದೇ ದನಿಯಲ್ಲಿ ಕೇಳಿದಳು.

"ಬೇರ ಬಂದಿದ್ವೇನ?"

"ಹೂಂ. ಮೂರನೇ ದಿನಾನ ಬಂದಿದ್ವು. ಒಂದೂವರಿ ಸೆಂಟಿಮೀಟರ್."

"ಅದೆಲ್ಲ ನನಗ ತಿಳಿಯೂದಿಲ್ಲ. ಬಳ್ಳಲೆ ತೋರಸು."

ನಾನು ಬೆರಳಿನ ಮೇಲೆ ಅಳತೆ ತೋರಿಸಿದೆ. ನಾಲ್ಕನೆಯ ದಿನ ಎಷ್ಟು ಎಂದಳು, ತೋರಿಸಿದೆ. ಐದನೆಯ ದಿನದ್ದಕ್ಕೆ ನನ್ನ ತೋರುಬೆರಳಿನ ಮುಕ್ಕಾಲು ಭಾಗ ಬೇಕಾಯಿತು. ಆಯಿ ಅದನ್ನು ತನ್ನ ಬೆರಳಿಗೆ ತಾಗಿಸಿ ನೋಡಿಕೊಂಡಳು. ಅವಳ ಮುಖದಲ್ಲಿ ನಾಲ್ಕು ದಿನಗಳಿಂದ ಇದ್ದ ಏನೋ ಒಂದು ಬಿಟ್ಟುಹೋಯಿತು. ಎದ್ದು ದೇವರ ಕೋಣೆಯ ಬಾಗಿಲಿಗೆ ಹೋಗಿ, ಒಳಗಿರುವವರಿಗೆ ಕೇಳಿಸುವಷ್ಟು ಜೋರಾಗಿ ಹೇಳಿದಳು.

"ಹುಡುಗಿ ಎಣಸಾಕ ಕಲಿಯಾಕ ಹತ್ತೈತಿ, ತಾಯಿ. ಮನಸಿಗೆ ಹಚ್ಕೋಬ್ಯಾಡ."

ಆದರೆ ಹೊಲದ ಪ್ರಶ್ನೆ ಹಾಗೇ ಉಳಿಯಿತು. ಘಟ ಏನೂ ಹೇಳಿಲ್ಲ, ಹೇಳಿದ್ದು ನಿನ್ನ ಮಗಳು ಎಂದು ಆಯಿ. ಬೇರು ಬಂದದ್ದು ಕೆಲವು ಕಾಳಿಗೆ, ಎರಡು ವರ್ಷದ ಬೀಜ ಎಲ್ಲವೂ ಏಳುತ್ತದೆಂದು ಯಾರು ಹೇಳಬೇಕು ಎಂದು ಅಪ್ಪ. ಅಷ್ಟರಲ್ಲಿ ನಮ್ಮ ಓಣಿಯ ಮಾಬೂಸಾಬ್ ಕಾಕಾ ಬನ್ನಿ ಕೊಡಲು ಬಂದ. ಊರಿನಲ್ಲಿ ಹೆಚ್ಚಿನವರ ಹೊಲಕ್ಕೆ ಟ್ರ್ಯಾಕ್ಟರಿಗೆ ಕೂರಿಗೆ ಹಚ್ಚಿ ಬಿತ್ತುವವನು ಅವನೇ. ನಮ್ಮ ಹೊಲಕ್ಕೆ ಯಾವ ದಿನ ಬರಬೇಕೆಂದು ಕೇಳುವುದೂ ಅವನಿಗೆ ಬೇಕಿತ್ತು. ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ದೊಡ್ಡವ್ವಾರ, ನಿಮ್ಮ ಮೊಮ್ಮಗಳು ಡಾಕ್ಟರ್ ಆಗತಾಳ ಬಿಡ್ರಿ. ಪೇಷೆಂಟ್ ಮಾತ್ರ ಉಳಿಯಂಗಿಲ್ಲ." ಆಮೇಲೆ ನನ್ನ ಕಡೆ ತಿರುಗಿದ. "ಎಣಸಾಕ ಬರತೈತಲ್ಲ? ಒಂದ ಗೋಣಿಚೀಲ ತೊಯ್ಸು. ನೂರ ಜ್ವಾಳ, ನೂರ ಕಡ್ಲಿ, ಹತ್ತತ್ತರ ಸಾಲ ಮಾಡಿ ಇಡು. ಸುತ್ತಿ ಕಟ್ಟಿ ನಾಕ ದಿನ ಬಿಡು. ನೀರ ಚಿಮುಕಸು, ಬಿಚ್ಚಿ ನೋಡಬ್ಯಾಡ. ಎಷ್ಟ ಎದ್ದಾವು ಅನ್ನೂದು ಶೀಗಿಹುಣವಿ ದಿನ ಹೇಳು."

ಆ ಸಂಜೆ ಇಡೀ ಮನೆ ಗೋಣಿಚೀಲದ ಸುತ್ತ ಕುಳಿತಿತ್ತು. ಅವ್ವ ಸಾಲು ನೆಟ್ಟಗೆ ಮಾಡಿದಳು, ರೂಪಾ ಎಣಿಸಿದಳು, ನಾನು ಮತ್ತೊಮ್ಮೆ ಎಣಿಸಿದೆ, ಅಪ್ಪ ಮೂರನೆಯ ಸಲ ಎಣಿಸಿ ತೊಂಬತ್ತೊಂಬತ್ತು ಎಂದು ಎಲ್ಲರಿಂದ ಬೈಸಿಕೊಂಡ. ನಾನು ಹೊಸ ಪುಟದಲ್ಲಿ ಕಾಲಂ ಹಾಕಿದೆ: ಕಾಳು, ಊರು, ಎಷ್ಟು ವರ್ಷದ್ದು, ತಳಿಯ ಹೆಸರು.

"ಆಯಿ, ನಿನ್ನ ಜ್ವಾಳದ ಹೆಸರೇನ?"

"ಜ್ವಾಳಕ್ಕ ನಾಮಕರಣ ಮಾಡತಾರೇನ? ಜ್ವಾಳ ಅಂದ್ರ ಜ್ವಾಳ."

ಚೀಲದ ಸುರುಳಿಯನ್ನು ಒಲೆಯ ಮಗ್ಗುಲಿಗೆ ಇಟ್ಟರು. ನಾಲ್ಕು ದಿನ ಬೆಳಿಗ್ಗೆ, ಸಂಜೆ ನೀರು ಚಿಮುಕಿಸುವ ಕೆಲಸವನ್ನು ಆಯಿ ನನಗೇ ಕೊಟ್ಟಳು. ನನಗೆ ಬಂದ ಶಿಕ್ಷೆ ಅದೊಂದೇ, ಅದೇ ಸಾಕಾಗಿತ್ತು. ಸುರುಳಿಯ ತುದಿಯಲ್ಲಿ ಒಂದು ಕಡೆ ದಾರ ಸಡಿಲವಿತ್ತು. ಬೆರಳು ಹಾಕಿದರೆ ಮೊದಲ ಸಾಲು ಕಾಣುತ್ತಿತ್ತು. ರೂಪಾ ಎರಡು ಸಲ ಕೆಮ್ಮಲು ಸಿದ್ಧಳಾದಳು. ಆ ಪುಟದಲ್ಲಿ ಎಂಟು ಸಾಲುಗಳಿವೆ. ಎಂಟರಲ್ಲೂ ಒಂದೇ ಮಾತು, "ನೋಡಲಿಲ್ಲ."

ಶುಕ್ರವಾರ, ಶೀಗಿಹುಣ್ಣಿಮೆ. ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಅಡುಗೆಯನ್ನು ಚರಗವೆಂದು ಚೆಲ್ಲುವ ದಿನ. ಬುಟ್ಟಿಯಲ್ಲಿ ಕಡುಬು, ಹೋಳಿಗೆ, ಪುಂಡಿಪಲ್ಯ, ರೊಟ್ಟಿ ತುಂಬಿಟ್ಟು, ಹೊರಡುವ ಮೊದಲು ಪಡಸಾಲೆಯಲ್ಲಿ ಚೀಲ ಬಿಚ್ಚಿದರು. ಮಾಬೂಸಾಬ್ ಕಾಕಾನೂ ಬಂದಿದ್ದ. ಎಣಿಸಿದವಳು ನಾನೊಬ್ಬಳೇ, ಕೈ ಹಚ್ಚದೆ, ಕಡ್ಡಿಯ ತುದಿ ತೋರಿಸುತ್ತಾ. ಕಡಲೆ ಎಂಬತ್ತೆಂಟು. ಜೋಳ ಎಪ್ಪತ್ತೊಂದು. ಎಪ್ಪತ್ತೊಂದು ಎನ್ನುವಾಗ ನನ್ನ ದನಿ ಇಳಿದುಹೋಯಿತು. ಓಟದಲ್ಲಿ ಆಯಿ ಸೋತಳು ಎಂದುಕೊಂಡೆ. ಅಪ್ಪನೂ ಗೆದ್ದವನಂತೆ ಕಾಣಲಿಲ್ಲ. ಕಾಕಾ ಮಾತ್ರ ಚೀಲದ ಮೇಲೆ ಬಗ್ಗಿ, ಒಂದು ಜೋಳದ ಬೇರನ್ನು ನೋಡಿ, ಮಾರುಕಟ್ಟೆಯಲ್ಲಿ ಎತ್ತು ನೋಡುವವನಂತೆ ತಲೆದೂಗಿದ.

"ಎರಡ ವರ್ಷದ ಬೀಜಕ್ಕ ಎಪ್ಪತ್ತೊಂದು ಅಂದ್ರ ಏನ ಅಂತೀರಿ! ನಾಕ ಸೇರ ಹಾಕೂ ಕಡೆ ಐದ ಸೇರ ಹಾಕಿದ್ರಾತು. ಕೂರಿಗಿ ತೂತ ಸ್ವಲ್ಪ ಅಗಲ ಮಾಡತೇನಿ. ಅದಕ್ಕ ಎಣಸೂದು, ಮತ್ತ್ಯಾಕ?"

"ಕಡ್ಲಿ ಎಂಬತ್ತೆಂಟ ಐತಲ್ಲೋ ಮಾಬು," ಎಂದ ಅಪ್ಪ.

"ಕಡ್ಲಿನೂ ಹಾಕು. ಯಾರ ಬ್ಯಾಡ ಅಂದ್ರು? ಹೊಲಾ ಏನ ಒಂದ ತಾಟ ಐತೇನ, ಒಂದ ಬಡಸೂದಕ್ಕ?"

ಆಯಿ ಆಗ ಕೇಳಿದ್ದನ್ನು ನಾನು ಬರೆದಿಟ್ಟಿದ್ದೇನೆ. ಅವಳು ಇಡೀ ಹೊಲ ಕೇಳಲಿಲ್ಲ.

"ಹೊಳಿ ಕಡೀ ಬದುವಿನ ತುಂಡ ನನಗ ಬಿಡು. ಮನಿಗೆ ರೊಟ್ಟಿ, ಎಮ್ಮಿಗೆ ಕಣಕಿ, ಗಡಿಗಿಗೆ ಬೀಜ. ಉಳಿದಿದ್ದ ನಿಂದು."

ಅಪ್ಪ ಅವ್ವನ ಮುಖ ನೋಡಿದ. ಅವ್ವ, "ನನ್ನ ಯಾಕ ನೋಡತೀರಿ, ಹೂಂ ಅನ್ರಿ," ಎಂದು ಬುಟ್ಟಿ ತಲೆಯ ಮೇಲೆತ್ತಿಕೊಂಡಳು. ಹೊಲದಲ್ಲಿ ಚರಗ ಚೆಲ್ಲುತ್ತಾ ಹತ್ತಿಯ ಸಾಲುಗಳ ನಡುವೆ ಓಡಿದೆವು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕೂರಿಗೆ ಬಂತು. ಆರನೆಯ ದಿನ ಬದುವಿನ ಮೇಲೆ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೊದಲ ಸಾಲಿನಲ್ಲಿ ಕಾಣುವ ಜೋಳದ ಮೊಳಕೆಗಳನ್ನು ಎಣಿಸಿದೆ. ಬೈಗುಳಗಳ ಕಾಲಂನಲ್ಲಿ ಆ ದಿನ ಹನ್ನೊಂದು.

ಆ ವರ್ಷ ಶಾಲೆಗೆ ಎರಡು ಕೋಷ್ಟಕ ಕೊಟ್ಟೆ: ಒಂದು ಕಿತ್ತು ನೋಡಿದ್ದು, ಇನ್ನೊಂದು ಎಂಟು ಸಲ "ನೋಡಲಿಲ್ಲ" ಎಂದದ್ದು. ಅಂದಿನಿಂದ ಪ್ರತಿ ದಸರೆಗೂ ನಮ್ಮ ಪಡಸಾಲೆಯಲ್ಲಿ ಗೋಣಿಚೀಲ ಹರಡುತ್ತದೆ. ಈಗ ರೂಪಾಳ ಪುಟ್ಟ ಮಗಳೂ ಬಂದು ಸಾಲು ಕೆಡಿಸುತ್ತಾಳೆ. ಆಯಿ ಘಟವನ್ನೂ ಕೂಡ್ರಿಸುತ್ತಾಳೆ. ಎರಡರಲ್ಲಿ ಯಾವುದನ್ನು ನಂಬುತ್ತಾಳೆ ಎಂದು ಕೇಳಿದರೆ, "ನಿನಗ್ಯಾಕ ಬೇಕು ಆ ಉಸಾಬರಿ," ಎನ್ನುತ್ತಾಳೆ. ಅವಳ ಜೋಳ ಒಂದು ಸುಗ್ಗಿಯೂ ತಪ್ಪಿಲ್ಲ.

ತಳಿಯ ಹೆಸರಿನ ಕಾಲಂ ಮಾತ್ರ ಇನ್ನೂ ಖಾಲಿ. ಚಚಡಿಗೆ ಹೋಗಿ ಆಯಿಯ ತವರಿನಲ್ಲಿ ಕೇಳಿದೆ. ಅವರು ಎಂದೋ ಬೇರೆ ಬೀಜಕ್ಕೆ ಹೋಗಿದ್ದಾರೆ. ಕಾಳು ಹಳೆಯ ದಂತದ ಬಣ್ಣ, ತೊಟ್ಟಿನ ಹತ್ತಿರ ಸಣ್ಣ ಕೆಂಪು ಚುಕ್ಕೆ. ತೆನೆ ಬಿಗಿ, ತುದಿಯಲ್ಲಿ ಸ್ವಲ್ಪ ಬಾಗಿರುತ್ತದೆ. ರೊಟ್ಟಿಯನ್ನು ನಾಲ್ಕು ಮಡಿಕೆ ಮಾಡಿದರೂ ಮುರಿಯುವುದಿಲ್ಲ. ಸವದತ್ತಿ, ಬೈಲಹೊಂಗಲ, ರಾಮದುರ್ಗ, ಕಿತ್ತೂರಿನ ಕಡೆಯ ಹಿರಿಯರಲ್ಲಿ ಇದನ್ನು ಬೆಳೆದವರು, ಹೆಸರು ಕೇಳಿದವರು ಯಾರಾದರೂ ಇದ್ದರೆ ಈ ಪುಸ್ತಕದ ಪ್ರಕಾಶಕರ ಮೂಲಕ ದಯವಿಟ್ಟು ಒಂದು ಸಾಲು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೂ, ನಿಮ್ಮ ಮನೆಯಲ್ಲೂ ಇದು ಇತ್ತು, ಈಗ ಇಲ್ಲ ಎನ್ನುವವರೂ ಬರೆಯಿರಿ. ಬೀಜ ಕೊಡುವುದು ಆಯಿ. ನೂರಕ್ಕೆ ಎಷ್ಟು ಏಳುತ್ತವೆ ಎಂದು ನೋಡಿ ಚೀಟಿ ಬರೆದು ಕಳಿಸುವುದು ನಾನು.